ಲೇಬಲ್ ಬದಲಾಗಿದೆ, ಮಿಡಿ ಅದೇ

ಪ್ರೀತಿಯ ಗ್ರಾಹಕರೇ,

ಈ ಸಲದ ಅಪ್ಪೆಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿ ಬಾಟಲಿ ನೋಡಿ "ಇದು ನಿಮ್ಮದೇನಾ, ಡೂಪ್ಲಿಕೇಟಾ?" ಅಂತ ಕೇಳಿದವರು ಬಹಳ ಜನ. ನಮ್ಮದೇ. ಹಳದಿ ಕಾಗದದ ಲೇಬಲ್ ಹುಡುಕಿ, ಸಿಗದೆ ಬರಿಗೈಯಲ್ಲಿ ಹೋದವರು ದಯವಿಟ್ಟು ಕ್ಷಮಿಸಿ.

ಸಾಗರದ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಕಾಗದ ನಿಲ್ಲುತ್ತದಾ? ಉಪ್ಪುರಸ ತಾಗಿದರೆ ತಯಾರಿಸಿದ ತಿಂಗಳು ಯಾವುದು ಅನ್ನುವ ಬರಹವೇ ಅಳಿಸಿ ಹೋಗುತ್ತಿತ್ತು. ಅದಕ್ಕೇ ಪ್ಲಾಸ್ಟಿಕ್ ಸ್ಟಿಕರ್.

ಇನ್ನು ದಿನಾ ಕೇಳುವ ದೂರು: "ಇಂಗ್ಲಿಷ್ ಯಾಕೆ ಇಷ್ಟು ಜಾಸ್ತಿ? ಕನ್ನಡ ಯಾಕೆ ಚಿಕ್ಕದು?" ಈ ಮಾತಿಗೆ ನಮಗೆ ನಿಜಕ್ಕೂ ಬೇಜಾರಾಗಿದೆ. ಕನ್ನಡ ಹಾಕಿ ಅಂತ ಯಾರೂ ಹೇಳುವ ಮೊದಲೇ ಹಾಕಿದವರು ನಾವು. ಈಗಲೂ ಎದುರಿಗೆ ದೊಡ್ಡದಾಗಿ ಕಾಣುವುದು ಕನ್ನಡವೇ, ಅಲ್ವಾ? ಹಿಂಬದಿಯ ಕಥೆ ಬೇರೆ. ಏನೇನು ಹಾಕಿದ್ದೇವೆ ಅನ್ನುವ ಪಟ್ಟಿ, ಪೋಷಕಾಂಶ, 14 ಅಂಕಿಯ ಲೈಸೆನ್ಸ್ ನಂಬರ್, ದೂರು ಹೇಳಲು ಫೋನ್ ನಂಬರ್, ಎಲ್ಲ ಇರಲೇಬೇಕು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2020ರ ನಿಯಮದಂತೆ ಈ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬೇಕೇ ಬೇಕು, ಜೊತೆಗೆ ಬೇರೆ ಭಾಷೆ ಹಾಕಬಹುದು. ಹಸಿರು ಚುಕ್ಕಿಗೂ ಅಳತೆ ಉಂಟು. ಮುಂಭಾಗ 100 ಚದರ ಸೆಂ.ಮೀ. ದಾಟಿದರೆ ಚುಕ್ಕಿ 4 ಮಿ.ಮೀ.ಗಿಂತ ಸಣ್ಣದಿರುವಂತಿಲ್ಲ. ಇಷ್ಟೆಲ್ಲ ತುಂಬಿದ ಮೇಲೆ ಉಳಿಯುವ ಜಾಗ ಎಷ್ಟು ನೀವೇ ಹೇಳಿ.

ಕನ್ನಡಕ್ಕೆ ಒತ್ತಕ್ಷರ ಬೇರೆ. 'ಅಪ್ಪೆಮಿಡಿ' ಕೆಳಗೆ 'ಉಪ್ಪಿನಕಾಯಿ' ಬರೆದು ನೋಡಿ. ಮೇಲಿನ 'ಪ್ಪೆ'ಯ ಒತ್ತು ನೇರವಾಗಿ ಕೆಳಗಿನ 'ಪ್ಪಿ'ಯ ಗುಡಿಸಿನ ಮೇಲೆ ಕೂರುತ್ತದೆ. ಡಿಸೈನ್ ಮಾಡುವ ಹುಡುಗ ಅಕ್ಷರಗಳನ್ನು ಒತ್ತಿ ಸಣಕಲು ಮಾಡಿ ತಂದಿದ್ದ. ಚೆಂದ ಕಂಡಿತು, ಆದರೆ ಕನ್ನಡಕ ಇಲ್ಲದೆ ಓದಲಾಗಲಿಲ್ಲ. ಅಕ್ಷರ ಹಾಗೇ ಇರಲಿ, ಸಾಲುಗಳ ನಡುವೆ ಜಾಗ ಬಿಡು ಅಂದೆವು. ಆ ಜಾಗ ಎಲ್ಲಿಂದ ಬಂತು? ಮಾವಿನ ಗೊಂಚಲಿನ ಚಿತ್ರ ತೆಗೆದದ್ದರಿಂದ. ಚಿತ್ರ ಎಲ್ಲಿ ಅಂತ ಕೇಳಿದವರಿಗೂ ಇದೇ ಉತ್ತರ.

ಎಂಆರ್‌ಪಿ ಪಕ್ಕದ ಸಣ್ಣ ಅಂಕಿ ಎರಡನೇ ಬೆಲೆ ಅಲ್ಲ. ಒಂದು ಕೆಜಿಗಿಂತ ಕಡಿಮೆ ತೂಕದ್ದಕ್ಕೆ ಗ್ರಾಂ ಲೆಕ್ಕದ ದರವನ್ನೂ ಹಾಕಬೇಕು, ಅಷ್ಟೇ.

"ಬಣ್ಣದ ಸ್ಟಿಕರ್‌ಗೆ ನಮ್ಮ ಜೇಬಿಗೆ ಕೈ ಹಾಕಿದ್ರಿ" ಅನ್ನುವವರಿಗೆ: ಬೆಲೆ ಏರಿದ್ದು ಮಿಡಿಯಿಂದ. ಹೊಳೆ ದಂಡೆಯ ಮರ ಒಂದು ವರ್ಷ ಕಾಯಿ ಬಿಟ್ಟರೆ ಮುಂದಿನ ವರ್ಷ ಕೈ ಕೊಡುತ್ತದೆ. ಹೂ ಬಿಟ್ಟಾಗ ಇಬ್ಬನಿ, ಮೋಡ ಕವಿದರೆ ಅದೂ ಇಲ್ಲ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಲ್ಲಿ ಮೆತ್ತಗಾಗುತ್ತದೆ, ಹಾಗಾಗಿ ಮರ ಹತ್ತಿ ಕೈಯಲ್ಲೇ ಕೊಯ್ಯಬೇಕು. ಹತ್ತುವವರೇ ಈಗ ಸಿಗುವುದಿಲ್ಲ. ಸಿಕ್ಕರೆ ಅವರು ಹೇಳಿದ್ದೇ ಕೂಲಿ. ಕೊಡುತ್ತೇವೆ, ಅವರ ಜೀವಕ್ಕೆ ಅದು ಜಾಸ್ತಿಯೇನಲ್ಲ. ಸ್ಟಿಕರ್ ಖರ್ಚು ಇದರ ಮುಂದೆ ಲೆಕ್ಕಕ್ಕೇ ಇಲ್ಲ.

ಒಳಗೆ ಏನೂ ಬದಲಾಗಿಲ್ಲ. ಸೊನೆ ಹೋಗದ ಹಾಗೆ ತೊಟ್ಟು ಉಳಿಸಿದ ಮಿಡಿ, ಕಲ್ಲುಪ್ಪು, ಬ್ಯಾಡಗಿ ಮೆಣಸು, ಸಾಸಿವೆ. ಹಳದಿ ಲೇಬಲ್‌ನ ಕೆಲವು ಬಾಟಲಿಗಳು ತೀರ್ಥಹಳ್ಳಿ, ಹೊಸನಗರದ ಅಂಗಡಿಗಳಲ್ಲಿ ಇನ್ನೂ ಇವೆ, ಅವನ್ನೂ ಧೈರ್ಯವಾಗಿ ಒಯ್ಯಿರಿ. ಹಿಂಬದಿಯ ಅಕ್ಷರ ಕಾಣದ ಹಿರಿಯರು ಬಾಟಲಿ ಮೇಲಿನ ನಂಬರಿಗೆ ಫೋನ್ ಮಾಡಿ, ಓದಿ ಹೇಳುತ್ತೇವೆ. ಮಧ್ಯಾಹ್ನ ಊಟದ ಹೊತ್ತು ಮಾತ್ರ ಬಿಟ್ಟು.

ನಿಮ್ಮ,
ಉಪ್ಪಿನಕಾಯಿ ಸೊಸೈಟಿಯವರು, ಸಾಗರ