ಕಾಲುದಾರಿಗೆ ಕಾಂಕ್ರೀಟು ಬೇಡ, ನೀರನ್ನು ಹೊರಳಿಸಿ

ಮಾನ್ಯರೇ,

ದೇವರಾಯನದುರ್ಗದ ಕಾಡಿಗೆ ಚಾರಣಕ್ಕೆ ಬರುವವರು ಹೆಚ್ಚಿದಂತೆ ಕಾಲುದಾರಿಗಳು ಕೊರಕಲು ಬೀಳುತ್ತಿವೆ. ಕೊರಕಲು ಕಂಡಲ್ಲೆಲ್ಲ ಕಾಂಕ್ರೀಟು ಹಾಕಿಸಿ, ಮೆಟ್ಟಿಲು ಕಟ್ಟಿಸಿ ಎನ್ನುವವರಿದ್ದಾರೆ. ಕಾಲು ಮಣ್ಣನ್ನು ಸಡಿಲಿಸುತ್ತದೆ, ಕೊಚ್ಚಿಕೊಂಡು ಹೋಗುವುದು ಮಳೆನೀರು. ಇಲ್ಲಿನ ಗರಸು ಮಣ್ಣಿನಲ್ಲಿ ಆ ನೀರು ಕಾಂಕ್ರೀಟಿನ ಅಂಚನ್ನೇ ಕೊರೆದು ಅಡಿಯನ್ನು ಟೊಳ್ಳು ಮಾಡುತ್ತದೆ. ಶಿಂಷಾ, ಜಯಮಂಗಲಿ ಎರಡೂ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಒಂದು ಕಾವೇರಿಗೆ, ಇನ್ನೊಂದು ಉತ್ತರ ಪಿನಾಕಿನಿಗೆ ಸೇರುತ್ತದೆ. ಮೇಲೆ ಕೊಚ್ಚಿದ್ದು ಕೆಳಗಿನ ಕೆರೆಕಟ್ಟೆಗಳಿಗೆ ಹೂಳು.

ಮಾಡಬೇಕಾದ್ದು ದೊಡ್ಡ ಕೆಲಸವಲ್ಲ. ದಾರಿಯ ಮೈ ಇಳಿಜಾರಿನ ಕಡೆಗೆ ತುಸು ವಾಲಿರಬೇಕು: 4 ಅಡಿ ಅಗಲಕ್ಕೆ ಎರಡೂವರೆ ಇಂಚು ಸಾಕು. ಕಡಿದಾದ ಕಡೆ ಅಡ್ಡಗಲ್ಲಿನ ಸಾಲು ಹೂಳಬೇಕು. ಸಾಲು ದಾರಿಗೆ ಓರೆಯಾಗಿರಲಿ, 45ರಿಂದ 60 ಡಿಗ್ರಿಯಷ್ಟು. ನೇರ ಅಡ್ಡಕ್ಕಿಟ್ಟರೆ ನೀರು ಅಲ್ಲೇ ನಿಂತು ಮಣ್ಣು ತುಂಬಿ, ಮುಂದಿನ ಮಳೆಗೆ ಕಲ್ಲಿನ ಮೇಲೇ ಹರಿಯುತ್ತದೆ. ಪ್ರತಿ ಕಲ್ಲಿನ ಮೂರರಲ್ಲಿ ಎರಡು ಪಾಲು ಮಣ್ಣಿನೊಳಗಿರಬೇಕು; ಮೇಲೆ ಮೇಲೆ ಇಟ್ಟ ಕಲ್ಲನ್ನು ಯಾರಾದರೂ ಒದ್ದು ಉರುಳಿಸುವುದು ಖಂಡಿತ. ಸಾಲಿನ ಹೊರತುದಿ ದಾರಿಯ ಅಂಚನ್ನು ದಾಟಿ ಒಂದಡಿ ಮುಂದೆ ಹೋಗಲಿ, ನೀರು ಬೀಳುವಲ್ಲಿ ಸಣ್ಣ ಕಲ್ಲು ಹರಡಿರಲಿ. ಅದನ್ನು ನೇರ ಹಳ್ಳಕ್ಕೆ ಬಿಡದೆ ತರಗೆಲೆಯ ಮೇಲೆ ಹರಡಲು ಬಿಟ್ಟರೆ ಮಣ್ಣು ಅಲ್ಲೇ ಉಳಿಯುತ್ತದೆ.

ಹಳ್ಳದ ದಡದಗುಂಟ ಸಾಗುವ ದಾರಿಯನ್ನು ಮೂವತ್ತಡಿಯಾದರೂ ಮೇಲಕ್ಕೆ ಸರಿಸುವುದು ಒಳ್ಳೆಯದು. ದಡ ಹಿಡಿದಿರುವುದು ಹೊಂಗೆ, ಅತ್ತಿ, ನೇರಳೆಗಳ ಬೇರು. ತುಳಿತಕ್ಕೆ ಆ ಬೇರು ಬಯಲಾದರೆ ಮರ ವಾಲುತ್ತದೆ. ಹಳ್ಳ ದಾಟುವುದಿದ್ದರೆ ಬಂಡೆ ಇರುವ ಕಡೆ, ನೇರ ಅಡ್ಡಕ್ಕೆ.

ಇನ್ನು ತಿರುವುಗಳಲ್ಲಿ ಅಡ್ಡದಾರಿ ಹಿಡಿಯುವ ಚಾಳಿ. ಫಲಕ ಹಾಕಿದರೆ ಅದರ ಪಕ್ಕದಲ್ಲೇ ಇಳಿಯುತ್ತಾರೆ! ಒಣಮುಳ್ಳು ಹೇರಿದರೆ ನಿಲ್ಲುತ್ತಾರೆ, ಆದರೆ ಮೇಲಿನ ಬಾಯಿ, ಕೆಳಗಿನ ಬಾಯಿ ಎರಡನ್ನೂ ಮುಚ್ಚಬೇಕು. ಕಡಿದ ಲಂಟಾನವನ್ನೂ ಬಳಸಬಹುದು, ಕಾಯಿ ಬಿಟ್ಟಿರಬಾರದಷ್ಟೆ. ಅದನ್ನು ನೆಲಮಟ್ಟಕ್ಕೆ ಕಡಿದರೆ ಮತ್ತೆ ಚಿಗುರುತ್ತದೆ. ನೆಲದಿಂದ ಒಂದೆರಡು ಇಂಚು ಕೆಳಗೆ ತಾಯಿಬೇರನ್ನು ತುಂಡರಿಸಿ, ಪೊದೆಯನ್ನು ಬುಡ ಮೇಲಾಗಿ ಒಣಗಲು ಬಿಡಬೇಕು. ಹಾಗೆಂದು ದಾರಿ ಅಗಲಿಸುವ ನೆಪದಲ್ಲಿ ಬಂಡೆಗಳ ನಡುವಿನ ಕುರುಚಲನ್ನು ಸವರುವುದು ಬೇಡ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಷ್ಟೇ ಸಿಗುವ ಹಳದಿ ಕೊರಳಿನ ಪಿಕಳಾರ ಹಕ್ಕಿಯ ನೆಲೆ ಅದು.

ಹಾರೆ, ಗುದ್ದಲಿ, ಸನಿಕೆ ಹಿಡಿದ ನಾಲ್ಕಾರು ಆಳುಗಳಿಂದ ಆಗುವ ಕೆಲಸವಿದು. ಕಲ್ಲು ಕಾಡಿನಲ್ಲೇ ಇದೆ. ಅರಣ್ಯ ಇಲಾಖೆ ಗ್ರಾಮ ಅರಣ್ಯ ಸಮಿತಿಗಳ ಮೂಲಕ ಮೇ ತಿಂಗಳ ಗುಡುಗು ಮಳೆಗೆ ಮುನ್ನವೇ ಮಾಡಿಸಲಿ. ಮೊದಲ ಜೋರು ಮಳೆಯ ಮರುದಿನ ಒಬ್ಬರನ್ನು ಕಳಿಸಿ ಸಾಲುಗಳ ಬಾಯಿಗೆ ಕಟ್ಟಿದ ಮಣ್ಣು ತೆಗೆಸಬೇಕು. ಇಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಆಗ ಇನ್ನೊಮ್ಮೆ.

– ಚಾರಣಾಸಕ್ತರು, ತುಮಕೂರು