ಪಿಎಚ್‌ಡಿ ಮುಗಿಯಿತು, ಋಣ ದೊಡ್ಡದಿದೆ

ಮೊನ್ನೆ ಧಾರವಾಡದಲ್ಲಿ ವೈವಾ ಆಯಿತು. ಫೋನ್ ಮಾಡಿದವರಿಗೆಲ್ಲ ಥ್ಯಾಂಕ್ಸ್ ಹೇಳಿದೆ. ಆದರೆ ಯಾರು ಏನು ಮಾಡಿದರು ಅಂತ ಬಿಡಿಸಿ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಬ್ಯಾಡಗಿಯ ನಮ್ಮ ಓಣಿಯಲ್ಲಿ ಬಹಳ ಜನ ಕೇಳಿದ್ದಾರೆ. ನಮ್ಮ ಗುರು ಗ್ರಹ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 12 ವರ್ಷ ಬೇಕು. ಅಂಥದ್ದೇ ದೈತ್ಯ ಗ್ರಹಗಳು ಕೆಲವು ನಕ್ಷತ್ರಗಳಿಗೆ ಎಷ್ಟು ಹತ್ತಿರ ಇವೆ ಅಂದರೆ, ಮೂರು ನಾಲ್ಕು ದಿನಕ್ಕೇ ಸುತ್ತು ಮುಗಿಯುತ್ತದೆ. 1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೇ ಕೆಲೋ ಅನ್ನುವ ಸ್ವಿಸ್ ವಿಜ್ಞಾನಿಗಳು 51 ಪೆಗಾಸಿ ನಕ್ಷತ್ರದ ಸುತ್ತ ಇಂಥದ್ದೊಂದನ್ನು ಕಂಡುಹಿಡಿದರು. ಸುತ್ತು ಬರೀ 4.2 ದಿನ! ಅಷ್ಟು ದೊಡ್ಡ ಗ್ರಹ ಅಷ್ಟು ಹತ್ತಿರ ಇರಲು ಸಾಧ್ಯವೇ ಅಂತ ಆಗ ತುಂಬಾ ಜನ ಅನುಮಾನಪಟ್ಟರು. 2019ರಲ್ಲಿ ಅವರಿಬ್ಬರಿಗೆ ನೊಬೆಲ್ ಬಂತು.

'ನೀ ಅದನ್ನ ಕಣ್ಣಾರೆ ನೋಡೀಯೇನು?' ಅಂತ ಪಕ್ಕದ ಮನೆ ಕಾಕಾ ಕೇಳಿದ್ದರು. ನೋಡಿಲ್ಲ ಕಾಕಾ. ಗ್ರಹ ನಕ್ಷತ್ರದ ಮುಂದೆ ಹಾದುಹೋಗುವಾಗ ಬೆಳಕು ಶೇಕಡಾ ಒಂದರಷ್ಟು ಇಳಿಯುತ್ತದೆ. ಎಷ್ಟು ಇಳಿಯಿತು ಅನ್ನುವುದರಿಂದ ಗ್ರಹದ ಗಾತ್ರ ಸಿಗುತ್ತದೆ. ಗ್ರಹದ ಸೆಳೆತಕ್ಕೆ ನಕ್ಷತ್ರ ಎಷ್ಟು ಅಲುಗಾಡುತ್ತದೆ ಅನ್ನುವುದರಿಂದ ತೂಕ. ಎರಡೂ ಸಿಕ್ಕರೆ ಅದು ಗಾಳಿಯ ಉಂಡೆಯೋ, ಗಟ್ಟಿಯೋ ಅಂತ ಹೇಳಬಹುದು.

ನಾನು ಅಳೆದದ್ದು ಹೊತ್ತನ್ನು. ಈಗಾಗಲೇ ಗೊತ್ತಿರುವ ಗ್ರಹಗಳು ಸರಿಯಾದ ಹೊತ್ತಿಗೆ ಹಾದುಹೋಗುತ್ತಿವೆಯಾ, ತಡವಾ, ಬೇಗವಾ? ವಾಸ್ಪ್-12ಬಿ ಅಂತ ಒಂದಿದೆ, ಸುಮಾರು 26 ಗಂಟೆಗೆ ಒಂದು ಸುತ್ತು. ಆ ಸುತ್ತಿನ ಅವಧಿ ವರ್ಷಕ್ಕೆ ಸುಮಾರು 29 ಮಿಲಿಸೆಕೆಂಡ್ ಕಡಿಮೆ ಆಗುತ್ತಿದೆ, ಅಂದರೆ ಗ್ರಹ ನಿಧಾನಕ್ಕೆ ತನ್ನ ನಕ್ಷತ್ರದ ಕಡೆಗೇ ಜಾರುತ್ತಿದೆ. ಇದು ಒಂದೆರಡು ರಾತ್ರಿ ನೋಡಿದರೆ ಗೊತ್ತಾಗುವ ಸಂಗತಿ ಅಲ್ಲ. ಹಿಂದೆ ಯಾರೋ ನೋಡಿ, ಹೊತ್ತು ಬರೆದಿಟ್ಟು, ಎಲ್ಲರಿಗೂ ಸಿಗುವ ಹಾಗೆ ಇಟ್ಟಿರಬೇಕು. ಹಾಗೆ ಇಟ್ಟವರಿಗೆ ನನ್ನ ಮೊದಲ ನಮಸ್ಕಾರ. ಇಂಥ ಗ್ರಹಗಳನ್ನು ಹುಡುಕುವ ನಾಸಾದ ಟೆಸ್ ಉಪಗ್ರಹದ ದತ್ತಾಂಶ ಪುಕ್ಕಟೆ ಸಿಗದಿದ್ದರೆ ಧಾರವಾಡದಲ್ಲಿ ಕೂತು ಈ ಕೆಲಸ ಮಾಡಲು ಆಗುತ್ತಿರಲಿಲ್ಲ.

2021ರಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಹುಬ್ಬಳ್ಳಿ ಆಸ್ಪತ್ರೆ, ಬ್ಯಾಡಗಿ ಮನೆ, ಮತ್ತೆ ಹುಬ್ಬಳ್ಳಿ. ಓದು ಬಿಡುವುದೇ ಸರಿ ಅಂತ ನಿರ್ಧಾರ ಮಾಡಿದ್ದೆ. ಆಗ ನನ್ನ ಗೈಡ್ ಮೇಡಂ ಅಧ್ಯಾಯ ಎಲ್ಲಿಗೆ ಬಂತು ಅಂತ ಒಮ್ಮೆಯೂ ಕೇಳಲಿಲ್ಲ. ಟಿಒಐ-1789ಬಿ ಬಗ್ಗೆ ಒಂದು ಪ್ರಬಂಧ ಕಳಿಸಿದರು, ಜೊತೆಗೆ 'ಬಿಡುವಾದಾಗ ಓದು, ಚೆನ್ನಾಗಿದೆ' ಅಂತ ಒಂದು ಸಾಲು. ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯವಾದ ಪಿಆರ್‌ಎಲ್‌ನವರು ಮೌಂಟ್ ಅಬುವಿನ ದೂರದರ್ಶಕದಿಂದ ನೋಡಿ ಗುರುತಿಸಿದ ಗ್ರಹ ಅದು. ವಯಸ್ಸಾಗುತ್ತಿರುವ ನಕ್ಷತ್ರಕ್ಕೆ ಅಂಟಿಕೊಂಡಂತೆ, 3.2 ದಿನಕ್ಕೊಂದು ಸುತ್ತು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಪೂರ್ತಿ ಓದಿದೆ. ಬಿಡುವ ಮಾತು ಅಲ್ಲಿಗೆ ನಿಂತಿತು. ಮೇಡಂ, ನೀವು ಕಾದಿರಿ, ಅದಕ್ಕೆ ನಾನು ಏನು ಕೊಟ್ಟರೂ ಕಡಿಮೆಯೇ.

ತಮ್ಮ, 'ಅಕ್ಕಾ, ನೀ ಓದು, ಹೊಲದ ಚಿಂತಿ ನಂಗ ಬಿಡು' ಅಂದವನು ಅಂದ ಹಾಗೇ ನಡೆದುಕೊಂಡ. ಮೆಣಸಿನಕಾಯಿ ಸುಗ್ಗಿಯಲ್ಲಿ, ಮನೆಯಲ್ಲಿ ಎಲ್ಲರ ಕೈಯೂ ಬೇಕಾದ ಹೊತ್ತಲ್ಲೇ, ನನ್ನನ್ನು ಬಸ್ ಹತ್ತಿಸಿ ಕಳಿಸಿದ. ಅವ್ವ ಅಪ್ಪನ ಪಕ್ಕ ಹಗಲೂ ರಾತ್ರಿ ಕೂತಳು. ಲ್ಯಾಬಿನ ಜೂನಿಯರ್‌ಗಳು ನಾನಿಲ್ಲದ ದಿನಗಳಲ್ಲಿ ಪ್ರೋಗ್ರಾಂ ಓಡಿಸಿ, ಎಲ್ಲಿ ನಿಂತಿತು ಅಂತ ಮೆಸೇಜ್ ಹಾಕುತ್ತಿದ್ದರು. ಮೆಸ್ಸಿನ ಅಕ್ಕ, ತಡವಾಗಿ ಬಂದರೂ ರೊಟ್ಟಿ ಎತ್ತಿಟ್ಟಿರುತ್ತಿದ್ದಿರಿ.

ಅಪ್ಪ ಈಗ ಕೋಲು ಹಿಡಿದು ನಡೆಯುತ್ತಾರೆ. ದೀಪಾವಳಿಗೆ ಊರಲ್ಲಿರುತ್ತೇನೆ. ಬೆಳಕು ಇಳಿಯುವ ಗ್ರಾಫ್ ನೋಡಬೇಕು ಅನ್ನುವವರು ಮನೆಗೆ ಬನ್ನಿ, ಮಕ್ಕಳನ್ನೂ ಕರೆತನ್ನಿ. ಲ್ಯಾಪ್‌ಟಾಪ್ ಇರುತ್ತದೆ, ಪೇಢೆ ಧಾರವಾಡದಿಂದ ತರುತ್ತೇನೆ.