ಭಟ್ಟಿ ಹೊಗೆಯ ಕೆಮ್ಮಲ್ಲ ಅಂತ ಗುರುತಿಸಿದವರಿಗೆ

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟವನು ಕೆಮ್ಮಿದರೆ ಯಾರೂ ತಲೆ ಎತ್ತಿ ನೋಡಲ್ಲ. ಹೊಗೆ, ಬಿಸಿ ಮರಳಿನ ದೂಳು, ಭತ್ತದ ಹೊಟ್ಟು. ಮೂವತ್ತೈದು ವರ್ಷ ಇದರಲ್ಲೇ ಕಳೆದವನು ನಾನು. ಹಾಗಾಗಿ ಕೆಮ್ಮು ಶುರುವಾದಾಗ ನಾನೂ ತಲೆ ಕೆಡಿಸಿಕೊಳ್ಳಲಿಲ್ಲ.

ಕಳೆದ ಸೋಮವಾರ ಆ ಕೆಮ್ಮಿಗೆ ಕೊಟ್ಟಿದ್ದ ಕೊನೆಯ ಸ್ಟೀರಾಯ್ಡ್ ಮಾತ್ರೆ ನುಂಗಿದೆ. ಈಗ ಹೇಳಬೇಕಾದವರಿಗೆಲ್ಲ ಹೇಳಬೇಕು. ಥ್ಯಾಂಕ್ಸ್ ಜೊತೆ ಒಂದು ತಪ್ಪೊಪ್ಪಿಗೆಯೂ ಇದೆ.

ನನಗೆ ಮೂತ್ರಕೋಶದ ಕ್ಯಾನ್ಸರ್. ಇದನ್ನು ನಮ್ಮ ಓಣಿಯವರು ಇಲ್ಲೇ ಮೊದಲ ಸಲ ಓದುತ್ತಿರಬಹುದು. ಎರಡು ವರ್ಷದ ಹಿಂದೆ ಮೂತ್ರದಲ್ಲಿ ರಕ್ತ ಬಂತು. ನೋವು ಇರಲಿಲ್ಲ. ಉಷ್ಣ ಅಂತ ಎಳನೀರು, ಬಾರ್ಲಿ ನೀರು ಕುಡಿದುಕೊಂಡು ಮೂರು ತಿಂಗಳು ದೂಡಿದೆ. ಬೀಡಿ ಚಟ ಬೇರೆ ಇತ್ತು. ಗೊತ್ತಾಗುವ ಹೊತ್ತಿಗೆ ಗಡ್ಡೆ ಮೂತ್ರಕೋಶ ದಾಟಿ ಹರಡಿತ್ತು. ಕೀಮೋ ಆಯಿತು. ಅದು ಮತ್ತೆ ಬೆಳೆದ ಮೇಲೆ ಬೆಂಗಳೂರಿನಲ್ಲಿ ಪೆಂಬ್ರೊಲಿಜುಮ್ಯಾಬ್ ಅನ್ನೋ ಇಮ್ಯುನೊಥೆರಪಿ (ನಮ್ಮ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡೋ ಔಷಧಿ) ಡ್ರಿಪ್ ಹಾಕಲು ಶುರುಮಾಡಿದರು. ಮೂರು ವಾರಕ್ಕೊಂದು. ಕೂದಲು ಉದುರಲಿಲ್ಲ, ವಾಂತಿ ಇಲ್ಲ. ಬೆಳಿಗ್ಗೆ ರೈಲು ಹತ್ತಿದರೆ ರಾತ್ರಿ ಮನೆ. ಯಾರಿಗೂ ಹೇಳದೆ ನಡೆಸಿಬಿಟ್ಟೆ.

ನಾಲ್ಕನೇ ತಿಂಗಳಿಗೆ ಒಣಕೆಮ್ಮು ಬಂತು. ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆ. ಸಿರಪ್ ಕೊಟ್ಟರು, ಆಮೇಲೆ ಆ್ಯಂಟಿಬಯೋಟಿಕ್, ಆಮೇಲೆ ಕಫ ಪರೀಕ್ಷೆ. ಟಿಬಿ ಇರಲಿಲ್ಲ. ಹದಿನೈದು ದಿನ ಸುಮ್ನೆ ಹೋಯಿತು. ಅವರದ್ದೇನೂ ತಪ್ಪಿಲ್ಲ. ಬೇರೆ ಏನಾದ್ರೂ ಔಷಧಿ ತಗೊಳ್ತಿದೀರಾ ಅಂತ ಕೇಳಿದ್ದರು. ಇಲ್ಲ ಅಂದಿದ್ದೆ. ಅಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಗುರುತಿನವರು, ಏನು ಮಾಡೋದು?

ಮೊದಲು ಗಮನಿಸಿದವಳು ಸೊಸೆ. ಸಂಜೆ ಮೂಟೆ ಲೋಡ್ ಆಗುವಾಗ ನಾನು ಜೋರಾಗಿ ಎಣಿಸ್ತೀನಿ. ಒಂದೇ ಉಸಿರಲ್ಲಿ ಇಪ್ಪತ್ತರವರೆಗೆ ಹೋಗ್ತಿದ್ದವನು ಅವತ್ತು ಎಂಟಕ್ಕೆ ನಿಂತೆ. ಉಸಿರು ಎಳೆದುಕೊಂಡು ಮತ್ತೆ ಒಂಬತ್ತು ಅಂದೆ. ಲಾರಿ ಹುಡುಗ ನಕ್ಕ. ಸೊಸೆ ನಗಲಿಲ್ಲ. ಕೊರೊನಾ ಕಾಲದ ಆಕ್ಸಿಮೀಟರ್ ಹುಡುಕಿ ಬೆರಳಿಗೆ ಹಾಕಿದಳು. ಕೂತಾಗ ಆಕ್ಸಿಜನ್ 94. ಭಟ್ಟಿಯಿಂದ ಮನೆ ಬಾಗಿಲಿಗೆ ನಡೆಸಿ ಮತ್ತೆ ನೋಡಿದಳು. 88.

ಡ್ರಿಪ್ ಶುರುವಾದ ದಿನ ಆಸ್ಪತ್ರೆಯವರು ಒಂದು ಕಾರ್ಡ್ ಕೊಟ್ಟಿದ್ದರು. ಹೊಸದಾಗಿ ಕೆಮ್ಮು, ಉಬ್ಬಸ ಬಂದರೆ ತಕ್ಷಣ ಫೋನ್ ಮಾಡಿ ಅಂತ ಬರೆದಿತ್ತು. ನಾನದನ್ನು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿ ಮರೆತಿದ್ದೆ. ಅವಳು ತೆಗೆದು ಫೋನ್ ಹಚ್ಚಿದಳು. ಆ ಕಡೆ ಇದ್ದ ಸಿಸ್ಟರ್ ಎರಡೇ ಪ್ರಶ್ನೆ ಕೇಳಿ, "ಇವತ್ತೇ ಅಡ್ಮಿಟ್ ಮಾಡಿ ಎದೆ ಸಿಟಿ ಸ್ಕ್ಯಾನ್ ಮಾಡ್ಸಿ, ಬೆಂಗಳೂರಿಗೆ ಬರೋವರೆಗೆ ಕಾಯಬೇಡಿ" ಅಂದರಂತೆ. ಸಿಸ್ಟರ್, ನಿಮ್ಮ ಮುಖ ನಾನು ನೋಡಿಲ್ಲ. ನಿಮ್ಮ ಋಣ ದೊಡ್ಡದು.

ಸಿಟಿ ಸ್ಕ್ಯಾನ್‌ನಲ್ಲಿ ನೋಡಿದರೆ ಎರಡೂ ಶ್ವಾಸಕೋಶದಲ್ಲಿ ಮಸುಕು. ಕನ್ನಡಿ ಮೇಲೆ ಉಸಿರು ಬಿಟ್ಟ ಹಾಗೆ. ಸೋಂಕಲ್ಲ, ನ್ಯುಮೋನೈಟಿಸ್, ಅಂದರೆ ಶ್ವಾಸಕೋಶದ ಉರಿಯೂತ ಅಂದರು ಡಾಕ್ಟರು. ನಮ್ಮ ರಕ್ತದ ಕಾವಲು ಕಣಗಳಿಗೆ ಪಿಡಿ-1 ಅಂತ ಒಂದು ಬ್ರೇಕ್ ಇದೆಯಂತೆ. ಕ್ಯಾನ್ಸರ್ ಅದನ್ನು ಅದುಮಿ ಹಿಡಿದು ತಪ್ಪಿಸಿಕೊಳ್ಳುತ್ತೆ. ನನಗೆ ಡ್ರಿಪ್‌ನಲ್ಲಿ ಹಾಕ್ತಿದ್ದ ಔಷಧಿ ಆ ಬ್ರೇಕ್ ಬಿಡಿಸುತ್ತೆ. ಬಿಟ್ಟ ಮೇಲೆ ಕೆಲವರಲ್ಲಿ ಕಾವಲಿನವೇ ಶ್ವಾಸಕೋಶಕ್ಕೆ ಬೀಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. (ಆ ಬ್ರೇಕ್ ಕಂಡುಹಿಡಿದ ಜಪಾನಿನ ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಬರಲಿ ಬಿಡಿ, ಅರ್ಹರೇ.) ಈ ಔಷಧಿ ಒಂದೇ ತಗೊಂಡರೆ ನೂರರಲ್ಲಿ ಮೂರ್ನಾಲ್ಕು ಜನಕ್ಕೆ ಹೀಗಾಗುತ್ತಂತೆ. ಈಗ ಎನ್‌ಫೋರ್ಟುಮ್ಯಾಬ್ ಅಂತ ಇನ್ನೊಂದು ಔಷಧಿ ಜೊತೆ ಸೇರಿಸಿ ಕೊಡುತ್ತಾರೆ, ಅದರಲ್ಲಿ ಇನ್ನೂ ಜಾಸ್ತಿ.

ಇಮ್ಯುನೊಥೆರಪಿ ನಿಲ್ಲಿಸಿದರು. ಆಕ್ಸಿಜನ್, ನರಕ್ಕೆ ಸ್ಟೀರಾಯ್ಡ್, ಆಮೇಲೆ ದಿನಕ್ಕೆ 60 ಮಿಲಿಗ್ರಾಂ ಮಾತ್ರೆ, ವಾರ ವಾರ ಸ್ವಲ್ಪ ಕಡಿಮೆ. ಉಸಿರು ಮೂರನೇ ದಿನಕ್ಕೇ ಹಗುರಾಯಿತು. ಚೆನ್ನಾಗಾದೆ ಅಂತ ಒಂದೇ ಸಲ ಬಿಟ್ಟುಬಿಡಬೇಡಿ ಅಂತ ನಮ್ಮೂರಿನ ಶ್ವಾಸಕೋಶದ ಡಾಕ್ಟರು ಪ್ರತಿ ಭೇಟಿಗೂ ಗದರಿದರು. ಗದರಿದ್ದಕ್ಕೆ ಅವರಿಗೂ ಕೈಮುಗಿದೆ.

ಸ್ಟೀರಾಯ್ಡ್ ಅಂದರೆ ಹಸಿವು. ರಾತ್ರಿ ಎರಡು ಗಂಟೆಗೆ ಎದ್ದು ಮಂಡಕ್ಕಿ ಒಗ್ಗರಣೆ ಕೇಳ್ತಿದ್ದೆ. ಸಕ್ಕರೆ 280 ದಾಟಿತು. ನಮ್ಮ ಮನೆಯಾಕೆ ಮಂಡಕ್ಕಿ ಡಬ್ಬವನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಭಟ್ಟಿ ಮಾಲೀಕನಿಗೇ ಮಂಡಕ್ಕಿ ಇಲ್ಲ! ಆ ಹತ್ತು ವಾರ ನನ್ನ ಸಿಡುಕು ತಡೆದುಕೊಂಡದ್ದಕ್ಕೆ ಅವಳಿಗೆ ಏನು ಹೇಳಲಿ.

ಅಡ್ಮಿಟ್ ಆದ ರಾತ್ರಿ ಕಾರು ತಂದ ಪಕ್ಕದ ಭಟ್ಟಿಯ ಚಾಚಾ ಪೆಟ್ರೋಲ್ ದುಡ್ಡು ಇವತ್ತಿಗೂ ತಗೊಂಡಿಲ್ಲ. ನಾನು ಮಲಗಿದ್ದಾಗ ಒಂದು ದಿನವೂ ಒಲೆ ಆರಿಸದೆ ಕೆಲಸ ನಡೆಸಿದವರು ನಮ್ಮ ಹುಡುಗರು. ಕ್ಲಿನಿಕ್ ಡಾಕ್ಟರ ಹತ್ತಿರ ನಾನೇ ಹೋಗಿ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ. ಕೂರಿಸಿ ಟೀ ಕುಡಿಸಿದರು.

ಆ ಔಷಧಿ ಇನ್ನು ನನಗೆ ಕೊಡಲ್ಲ. ಹೊಸ ಸ್ಕ್ಯಾನ್‌ನಲ್ಲಿ ಎದೆಯ ಮಸುಕು ಹೆಚ್ಚುಕಮ್ಮಿ ಹೋಗಿದೆ, ಗಡ್ಡೆ ಸದ್ಯಕ್ಕೆ ಇದ್ದಷ್ಟೇ ಇದೆ. ಮೂರು ತಿಂಗಳಿಗೆ ಮತ್ತೆ ನೋಡ್ತಾರೆ. ಮೊನ್ನೆ ಮೂಟೆ ಎಣಿಸಿದೆ. ಹದಿನಾರು.

ಆಕ್ಸಿಮೀಟರ್ ಭಟ್ಟಿಯ ಗಲ್ಲಾಪೆಟ್ಟಿಗೆ ಪಕ್ಕ ಇಟ್ಟಿದ್ದೇನೆ. ಯಾರಿಗೆ ಬೇಕಾದರೂ ಒಯ್ಯಬಹುದು. ಸೆಲ್ ಮಾತ್ರ ನೀವೇ ಹಾಕ್ಕೊಳ್ಳಿ.